ಪತ್ರಿಕೆಗೆ ತೀರಾ ಹತ್ತಿರ ಬಂದ ಕಾದಂಬರಿ: ‘ದಿ ಬಾರ್ಡರ್’ ಮತ್ತು ಅದರ ಓದುಗರು

2019ರ ಫೆಬ್ರವರಿ 12. ನ್ಯೂಯಾರ್ಕಿನ ಬ್ರೂಕ್ಲಿನ್ ಕೋರ್ಟಿನಲ್ಲಿ ‘ಎಲ್ ಚಾಪೋ’ ಗುಸ್ಮಾನ್ ತಪ್ಪಿತಸ್ಥ ಎಂದು ಜ್ಯೂರಿ ಹೇಳಿತು. ಮೆಕ್ಸಿಕೋದ ಸಿನಲೋವಾ ಕಾರ್ಟೆಲ್ ಅನ್ನೋ ಡ್ರಗ್ಸ್ ಗ್ಯಾಂಗನ್ನು ವರ್ಷಾನುಗಟ್ಟಲೆ ಆಳಿದವನು, ಎರಡು ಸಲ ಜೈಲಿನಿಂದ ಪರಾರಿಯಾದವನು. ಸರಿಯಾಗಿ ಎರಡು ವಾರಕ್ಕೆ, ಫೆಬ್ರವರಿ 26ರಂದು, ಅಮೆರಿಕದ ಲೇಖಕ ಡಾನ್ ವಿನ್ಸ್ಲೋ ಅವರ ‘ದಿ ಬಾರ್ಡರ್’ ಬಿಡುಗಡೆಯಾಯಿತು. ಚಾಪೋನನ್ನು ಹೋಲುವ ಒಬ್ಬ ಡ್ರಗ್ಸ್ ದೊರೆ, ಅವನ ಬೆನ್ನು ಬಿದ್ದ ಒಬ್ಬ ಅಮೆರಿಕನ್ ಅಧಿಕಾರಿ. ಇವರಿಬ್ಬರ ಸುತ್ತ ಬೆಳೆದ ಮೂರು ಕಾದಂಬರಿಗಳಲ್ಲಿ ಇದು ಕೊನೆಯದು. ಏಳುನೂರು ಪುಟ ದಾಟುವ ದಪ್ಪ ಪುಸ್ತಕ. ಎಷ್ಟು ದುಡ್ಡು ಸುರಿದರೂ ಪ್ರಕಾಶಕರಿಗೆ ಇಂಥ ಮುಹೂರ್ತ ಸಿಗಲ್ಲ.

ಪುಸ್ತಕ ತೆಗೆದರೆ ಆ ದೊರೆಯೇ ಇಲ್ಲ. ಎರಡನೇ ಪುಸ್ತಕದ ಕೊನೆಯಲ್ಲೇ ಅವನ ಕಥೆ ಮುಗಿದಿದೆ. ಮೊದಲ ದೃಶ್ಯ ನಡೆಯುವುದು ಮೆಕ್ಸಿಕೋದಲ್ಲೂ ಅಲ್ಲ, ವಾಷಿಂಗ್ಟನ್ನಿನಲ್ಲಿ. ಅಲ್ಲಿಂದ ಮುಂದೆ ಕಥೆಯ ದೊಡ್ಡ ಭಾಗ ಅಮೆರಿಕದೊಳಗೇ ಸುತ್ತುತ್ತದೆ: ಬ್ಯಾಂಕು, ರಿಯಲ್ ಎಸ್ಟೇಟ್, ಚುನಾವಣೆ, ಶ್ವೇತಭವನ. ಓದುಗರು ಎರಡು ಪಾಲಾದರು. ಸರಣಿಗೆ ಇದೇ ಕಿರೀಟ ಎಂದವರು ಒಂದು ಕಡೆ. ‘ಕಥೆ ಓದೋಕೆ ಬಂದ್ವಿ, ಭಾಷಣ ಕೇಳಿಸಿದ್ರು’ ಅನ್ನುವ ಧಾಟಿಯಲ್ಲಿ ಸಿಟ್ಟಾದವರು ಇನ್ನೊಂದು ಕಡೆ.

ಆ ಸಿಟ್ಟು ಎಲ್ಲಿಂದ ಬಂತು, ಅದರಲ್ಲಿ ಎಷ್ಟು ನ್ಯಾಯವಿದೆ ಅನ್ನೋದೇ ಈ ಬರಹ. ಮೂರೂ ಪುಸ್ತಕಗಳ ಕಥೆಯನ್ನು ಅಲ್ಲಲ್ಲಿ ಬಿಟ್ಟುಕೊಡುತ್ತೇನೆ. ಇನ್ನೂ ಓದದವರು ಯೋಚಿಸಿ ಮುಂದುವರಿಯಿರಿ.

ಓದುಗರಿಗೆ ಹತ್ತಿದ ಚಟ

ಮೊದಲನೆಯದು ‘ದಿ ಪವರ್ ಆಫ್ ದ ಡಾಗ್’, 2005ರದು. ಎರಡನೆಯದು ‘ದಿ ಕಾರ್ಟೆಲ್’, 2015ರದು. ನಾಯಕ ಆರ್ಟ್ ಕೆಲ್ಲರ್, ಅಮೆರಿಕದ ಮಾದಕ ವಸ್ತು ನಿಗ್ರಹ ಸಂಸ್ಥೆ ಡಿಇಎಯ ಅಧಿಕಾರಿ. ತಂದೆ ಬಿಳಿಯ, ತಾಯಿ ಮೆಕ್ಸಿಕನ್. ವಿಯೆಟ್ನಾಂ ಯುದ್ಧ ನೋಡಿ ಬಂದವನು. ಎದುರಾಳಿ ಅದಾನ್ ಬರೇರಾ. ಹರೆಯದಲ್ಲಿ ಇಬ್ಬರಿಗೂ ಸ್ನೇಹವಿತ್ತು ಅನ್ನೋದೇ ಕಥೆಯ ವಿಷ.

ಕೆಲ್ಲರ್‌ನ ಸಹೋದ್ಯೋಗಿ ಎರ್ನಿ ಹಿಡಾಲ್ಗೋನನ್ನು ಬರೇರಾ ಕುಟುಂಬ ಅಪಹರಿಸಿ ಚಿತ್ರಹಿಂಸೆ ಕೊಟ್ಟು ಕೊಲ್ಲುತ್ತದೆ. ಇದು ಕಲ್ಪನೆಯಿಂದ ಹುಟ್ಟಿದ್ದಲ್ಲ. ಡಿಇಎಯ ಎನ್ರಿಕೆ ‘ಕಿಕಿ’ ಕಮರೇನಾ ಅವರನ್ನು 1985ರ ಫೆಬ್ರವರಿ 7ರಂದು ಗ್ವಾಡಲಹಾರಾ ಪಟ್ಟಣದಲ್ಲಿ ಹಾಡಹಗಲೇ ಎತ್ತಿಕೊಂಡು ಹೋಗಿದ್ದರು. ಹೆಣ ಸಿಕ್ಕಿದ್ದು ಸುಮಾರು ಒಂದು ತಿಂಗಳ ಮೇಲೆ. ಅದೇ ಮೊದಲ ಪುಸ್ತಕದಲ್ಲಿ ಒಬ್ಬ ಪಾದ್ರಿಯ ಕೊಲೆ ಬರುತ್ತದೆ. 1993ರ ಮೇ ತಿಂಗಳಲ್ಲಿ ಗ್ವಾಡಲಹಾರಾ ವಿಮಾನ ನಿಲ್ದಾಣದಲ್ಲಿ ಗುಂಡಿಗೆ ಬಲಿಯಾದ ಕಾರ್ಡಿನಲ್ ಪೊಸಾದಾಸ್ ಒಕಾಂಪೋ ಯಾರಿಗಾದರೂ ನೆನಪಾಗಲೇಬೇಕು.

ಹೀಗೆ ಓದುಗರಿಗೆ ಒಂದು ಚಟ ಹತ್ತಿತು. ಇವನು ನಿಜದಲ್ಲಿ ಯಾರು, ಆ ಘಟನೆ ಎಲ್ಲಿಯದು ಅಂತ ತಾಳೆ ಹಾಕುವ ಚಟ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಮೊಬೈಲು. ‘ದಿ ಕಾರ್ಟೆಲ್’ ಬಂದಾಗ ಈ ಚಟಕ್ಕೆ ವಾಸ್ತವವೇ ಎಣ್ಣೆ ಸುರಿಯಿತು. ಅದು ಅಂಗಡಿಗೆ ಬಂದಿದ್ದು 2015ರ ಜೂನ್ ಕೊನೆಯ ಹೊತ್ತಿಗೆ. ಜೈಲಿನಿಂದ ತಪ್ಪಿಸಿಕೊಳ್ಳುವ ಬರೇರಾನ ಕಥೆ ಅದರಲ್ಲಿದೆ. ಜುಲೈ 11ರ ರಾತ್ರಿ ನಿಜವಾದ ಚಾಪೋ ಅಲ್ಟಿಪ್ಲಾನೋ ಜೈಲಿನ ಬಚ್ಚಲಿನಿಂದ ಸುರಂಗಕ್ಕೆ ಇಳಿದು, ಸುಮಾರು ಒಂದೂವರೆ ಕಿಲೋಮೀಟರ್ ದೂರದ ಮನೆಯೊಂದರಲ್ಲಿ ಮೇಲೆದ್ದು ಮಾಯವಾದ. ವಿನ್ಸ್ಲೋ ಟಿವಿ ಚರ್ಚೆಗಳಲ್ಲಿ ಕಾಣಿಸಿಕೊಳ್ಳತೊಡಗಿದರು. ಕಾದಂಬರಿಕಾರ ಈಗ ತಜ್ಞನೂ ಆಗಿದ್ದರು.

ಅದೇ ಎರಡನೇ ಪುಸ್ತಕದ ಆರಂಭದಲ್ಲಿ ಕೊಲೆಯಾದ, ಕಾಣೆಯಾದ ಪತ್ರಕರ್ತರ ಹೆಸರುಗಳ ಉದ್ದ ಪಟ್ಟಿಯಿದೆ. ಒಂದರ ಕೆಳಗೆ ಒಂದು ಹೆಸರು, ಅಷ್ಟೇ. ವಿವರಣೆ ಇಲ್ಲ. ತಾಳೆ ಹಾಕುವ ಆಟ ಎಷ್ಟು ಗಂಭೀರದ್ದು ಅಂತ ಆ ಪಟ್ಟಿ ಹೇಳದೆಯೇ ಹೇಳುತ್ತದೆ. ಹೆಚ್ಚಿನ ಓದುಗರು ಆ ಪುಟಗಳಿಗೆ ತಲೆಬಾಗಿದರು. ಇದು ರಾಜಕೀಯ ಅಂತ ಯಾರೂ ದೊಡ್ಡ ತಕರಾರು ತೆಗೆಯಲಿಲ್ಲ.

ಮೂರನೆಯದರಲ್ಲಿ ಏನಾಗುತ್ತದೆ

ಕಥೆ 2012ರ ಕೊನೆಯಿಂದ 2017ರವರೆಗೆ ಹರಡಿದೆ. ಬರೇರಾ ಸತ್ತ ಮೇಲೆ ಮೆಕ್ಸಿಕೋ ಶಾಂತವಾಗಬೇಕಿತ್ತು, ಆಗಲ್ಲ. ಅವನು ಕೂತಿದ್ದ ಗಾದಿಗೆ ಹಳೆಯ ದೊರೆಗಳ ಮಕ್ಕಳು ಕಿತ್ತಾಡುತ್ತಾರೆ. ಅಪ್ಪಂದಿರು ಹೊಲದಿಂದ ಬಂದವರು, ಮಕ್ಕಳು ದುಡ್ಡಿನಲ್ಲೇ ಹುಟ್ಟಿದವರು. ಕೆಲ್ಲರ್ ಡಿಇಎಯ ಮುಖ್ಯಸ್ಥನಾಗುತ್ತಾನೆ. ಅಷ್ಟೊತ್ತಿಗೆ ಅಮೆರಿಕದ ಹಲವು ರಾಜ್ಯಗಳಲ್ಲಿ ಗಾಂಜಾ ಕಾನೂನುಬದ್ಧವಾಗಿ, ಕಾರ್ಟೆಲ್‌ಗಳ ಹಳೆಯ ಆದಾಯಕ್ಕೆ ಪೆಟ್ಟು ಬಿದ್ದಿರುತ್ತದೆ. ಡಾಕ್ಟರ್ ಬರೆದುಕೊಟ್ಟ ನೋವಿನ ಮಾತ್ರೆಗೆ ಅಂಟಿಕೊಂಡ ಲಕ್ಷಾಂತರ ಜನ ಅಲ್ಲಿ ಆಗಲೇ ಇದ್ದಾರೆ. ಮಾತ್ರೆ ತುಟ್ಟಿಯಾದಾಗ ಅವರಿಗೆ ಅಗ್ಗದ ಹೆರಾಯಿನ್ ಬೇಕು. ಮೆಕ್ಸಿಕೋ ಒದಗಿಸುತ್ತದೆ. ಇದೂ ಕಟ್ಟುಕಥೆಯಲ್ಲ. 2017ರಲ್ಲಿ ಅಮೆರಿಕದಲ್ಲಿ ಡ್ರಗ್ಸ್ ಅತಿಯಾಗಿ ಸತ್ತವರು 70 ಸಾವಿರ ದಾಟಿದ್ದರು.

ಪುಸ್ತಕದ ಮೊದಲ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2017ರ ಏಪ್ರಿಲ್, ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಗೋಡೆ. ಕೆಲ್ಲರ್‌ಗೆ ಒಂದು ಮಗು ಕಾಣುತ್ತದೆ. ಅದೇ ಕ್ಷಣಕ್ಕೆ ದೂರದಲ್ಲಿ ಬಂದೂಕಿನ ದುರ್ಬೀನು ಮಿಂಚಿದ್ದೂ ಕಾಣುತ್ತದೆ. ಇಡೀ ಸರಣಿಯಲ್ಲಿ ಗುಂಡು ಹಾರಿದ್ದು ಹೆಚ್ಚಾಗಿ ಗಡಿಯ ಆಚೆ. ಈಗ ಅದು ರಾಜಧಾನಿಯ ಹುಲ್ಲುಹಾಸಿನ ಮೇಲೆ. ಆ ಕಪ್ಪು ಗೋಡೆಯ ಮೇಲಿರುವುದು 58 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು. ಇಡೀ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರಿಗಿಂತ ಜಾಸ್ತಿ ಜನ ಆ ಒಂದೇ ವರ್ಷದಲ್ಲಿ ಡ್ರಗ್ಸ್‌ಗೆ ಬಲಿಯಾದರು. ಜಾಗದ ಆಯ್ಕೆ ಸುಮ್ನೆ ಆಗಿದ್ದಲ್ಲ.

ಆಮೇಲೆ ಬರುತ್ತಾನೆ ಜಾನ್ ಡೆನಿಸನ್. ರಿಯಲ್ ಎಸ್ಟೇಟ್ ಕುಳ, ಟಿವಿ ಮುಖ, ಗಡಿಗೆ ಗೋಡೆ ಕಟ್ಟುತ್ತೇನೆ ಎಂದು ಕೂಗಿ ಅಧ್ಯಕ್ಷನಾಗುವವನು. ಅವನ ಅಳಿಯ ಜೇಸನ್ ಲರ್ನರ್. ಈ ಅಳಿಯನ ಕಟ್ಟಡವೊಂದು ಸಾಲದಲ್ಲಿ ಮುಳುಗಿದೆ. ಎತ್ತಲು ಬರುವ ಹಣದ ಮೂಲ ಹುಡುಕುತ್ತ ಹೋದರೆ ಕಾರ್ಟೆಲ್ ಸಿಗುತ್ತದೆ. ಇವರು ನಿಜದಲ್ಲಿ ಯಾರು ಅಂತ ಹುಡುಕಲು ಯಾರಿಗೂ ಮೊಬೈಲು ಬೇಕಾಗಲಿಲ್ಲ.

‘ರಾಜಕೀಯ ಜಾಸ್ತಿಯಾಯ್ತು’

ಅತಿ ಹೆಚ್ಚು ಕೇಳಿಬಂದ ದೂರು ಇದು. ಟ್ರಂಪ್ ಬೆಂಬಲಿಗರು ಕೆಲವರು ಪುಸ್ತಕ ಅರ್ಧಕ್ಕೆ ಎಸೆದರು. ಅದು ನಿರೀಕ್ಷಿತವೇ, ಅದರಲ್ಲಿ ವಿಶೇಷ ಇಲ್ಲ. ಯೋಚನೆಗೆ ಹಚ್ಚಿದ್ದು ಬೇರೆಯವರು. ಟ್ರಂಪ್ ಬಗ್ಗೆ ಒಳ್ಳೆಯ ಮಾತಾಡದ ಓದುಗರೂ ಈ ಭಾಗದಲ್ಲಿ ಮುಖ ಸಿಂಡರಿಸಿದರು. ಲೇಖಕರ ಮಾತು ಒಪ್ಪುತ್ತೇವೆ, ಆದರೂ ಕಾದಂಬರಿ ಇಲ್ಲಿ ಸೊರಗಿತು ಎಂದರು.

ಮೊದಲ ಪುಸ್ತಕದಲ್ಲಿ ರಾಜಕೀಯ ಕಮ್ಮಿ ಇತ್ತಾ? ಇಲ್ಲವೇ ಇಲ್ಲ. ಅದರಲ್ಲಿ ಸಿಐಎ ಇದೆ, ನಿಕರಾಗುವಾದ ಕಾಂಟ್ರಾ ಬಂಡುಕೋರರಿಗೆ ಹೋಗುವ ಬಂದೂಕು ಇದೆ, ಅದೇ ದಾರಿಯಲ್ಲಿ ಬರುವ ಕೊಕೇನ್ ಇದೆ, ಕಣ್ಣು ಮುಚ್ಚಿಕೊಂಡ ವಾಷಿಂಗ್ಟನ್ ಇದೆ. ಗುಟ್ಟಾಗಿ ಇರಾನಿಗೆ ಶಸ್ತ್ರ ಮಾರಿ ಆ ದುಡ್ಡನ್ನು ಕಾಂಟ್ರಾಗಳಿಗೆ ಕೊಟ್ಟ ಇರಾನ್-ಕಾಂಟ್ರಾ ಹಗರಣ 1986ರಲ್ಲಿ ಹೊರಬಿದ್ದಾಗ ರೇಗನ್ ಸರ್ಕಾರ ಅಲ್ಲಾಡಿತ್ತು. ಕಾಂಟ್ರಾ ಜಾಲದಲ್ಲಿ ಡ್ರಗ್ಸ್ ಸಾಗಣೆದಾರರೂ ಇದ್ದರು ಅನ್ನೋದನ್ನು 1989ರಲ್ಲಿ ಸೆನೆಟರ್ ಜಾನ್ ಕೆರಿ ನೇತೃತ್ವದ ಸಮಿತಿಯೇ ಬರೆದಿತ್ತು. ಅಂದರೆ ಮೊದಲ ಪುಸ್ತಕ ಒಬ್ಬ ಅಧ್ಯಕ್ಷನ ಇಡೀ ಆಡಳಿತವನ್ನು ಕಟಕಟೆಗೆ ಎಳೆದಿತ್ತು. ಓದುಗರು ಅದನ್ನು ಕೊಂಡಾಡಿದರು.

ವ್ಯತ್ಯಾಸ ಇರುವುದು ಕಾಲದಲ್ಲಿ. ಮೊದಲ ಪುಸ್ತಕದ ಕಥೆ ಶುರುವಾಗುವುದು 1975ರ ಸಿನಲೋವಾದಲ್ಲಿ, ಅಫೀಮು ಹೊಲಗಳಿಗೆ ಬೆಂಕಿ ಇಡುವಲ್ಲಿ. ಪುಸ್ತಕ ಬಂದಿದ್ದು 2005ರಲ್ಲಿ. ಕಾಂಟ್ರಾ ಕಾಲಕ್ಕೂ ಓದುಗನಿಗೂ ನಡುವೆ ಸುಮಾರು ಇಪ್ಪತ್ತು ವರ್ಷ. ಎರಡನೆಯದರಲ್ಲಿ ಅಂತರ ಅರ್ಧಕ್ಕೂ ಕೆಳಗೆ ಇಳಿಯಿತು. 2006ರ ಡಿಸೆಂಬರಿನಲ್ಲಿ ಮೆಕ್ಸಿಕೋ ಅಧ್ಯಕ್ಷ ಕಾಲ್ಡೆರೋನ್ ಕಾರ್ಟೆಲ್‌ಗಳ ವಿರುದ್ಧ ಸೇನೆಯನ್ನು ಬೀದಿಗಿಳಿಸಿದ್ದು, ಹ್ವಾರೆಸ್ ಪಟ್ಟಣದ ಹತ್ಯೆಗಳು, ಸೇತಾಸ್ ಗ್ಯಾಂಗಿನ ಕ್ರೌರ್ಯ, ಎಲ್ಲ ಹತ್ತು ವರ್ಷದೊಳಗಿನವು. ಆದರೂ ಅವು ಅಮೆರಿಕದ ಓದುಗನಿಗೆ ಬೇರೆ ದೇಶದ ಸುದ್ದಿ. ಮೂರನೆಯದರಲ್ಲಿ ಅಂತರ ಎರಡೇ ವರ್ಷ. ದೇಶವೂ ಅವನದೇ. ಬೆಳಿಗ್ಗೆ ಪತ್ರಿಕೆಯಲ್ಲಿ ಓದಿ ಬೇಸತ್ತ ಮುಖವೇ ರಾತ್ರಿ ಕಾದಂಬರಿಯಲ್ಲೂ ಕೂತಿತ್ತು.

ನನ್ನ ಲೆಕ್ಕದಲ್ಲಿ ಇಡೀ ಜಗಳದ ಬೇರು ಇದು. ವಿನ್ಸ್ಲೋ ಬದಲಾಗಲಿಲ್ಲ. ಅವರು ಮೂರು ಸಲವೂ ಮಾಡಿದ್ದು ಒಂದೇ ಕೆಲಸ: ನಡೆದದ್ದನ್ನು ತೆಗೆದುಕೊಂಡು ಹೆಸರು ಬದಲಿಸಿ ಕಥೆ ಮಾಡುವುದು. ಆದರೆ ಹಳೆಯ ಘಟನೆಗೆ ಹೆಸರು ಬದಲಿಸಿದರೆ ಅದು ಪಾತ್ರವಾಗುತ್ತದೆ. ಇವತ್ತಿನ ಘಟನೆಗೆ ಬದಲಿಸಿದರೆ ಬರೀ ಮುಖವಾಡ. ಓದುಗ ಮುಖವಾಡದ ಹಿಂದಿನವನನ್ನೇ ನೋಡುತ್ತಿರುತ್ತಾನೆ, ಪಾತ್ರ ಕಾಣುವುದೇ ಇಲ್ಲ.

ಬ್ಯಾಂಕಿನ ವಿಷಯದಲ್ಲಿ ಓದುಗರು ತಪ್ಪಿದ್ದು

‘ಅಷ್ಟೊಂದು ಎತ್ತರದವರು ಕಾರ್ಟೆಲ್ ದುಡ್ಡು ಮುಟ್ಟುತ್ತಾರಾ? ಅತಿಯಾಯ್ತು’ ಅನ್ನೋ ಆಕ್ಷೇಪವೂ ಬಂತು. ನಂಬಲಾಗದ್ದು, ಸಿನಿಮಾ ತರ ಎಂದರು. ಡೆನಿಸನ್ ಮತ್ತು ಅಳಿಯನ ಕಥಾಭಾಗ ಕಲ್ಪನೆ, ಅದು ಸರಿ. ನಿಜದ ಯಾರಿಗೂ ಅದನ್ನು ಅಂಟಿಸಲಾಗದು. ಆದರೆ ಗೌರವಸ್ಥ ಸಂಸ್ಥೆಗಳು ಇಂಥ ದುಡ್ಡು ಮುಟ್ಟಲ್ಲ ಅನ್ನೋ ನಂಬಿಕೆ ಇದೆಯಲ್ಲ, ಅದಕ್ಕೆ 2012ರಲ್ಲೇ ಮಂಗಳ ಹಾಡಿಯಾಗಿತ್ತು.

ಆ ವರ್ಷದ ಡಿಸೆಂಬರಿನಲ್ಲಿ ಎಚ್ಎಸ್‌ಬಿಸಿ ಬ್ಯಾಂಕು ಅಮೆರಿಕ ಸರ್ಕಾರಕ್ಕೆ ಸುಮಾರು 190 ಕೋಟಿ ಡಾಲರ್ ತೆರಲು ಒಪ್ಪಿಕೊಂಡಿತು. ಸಿನಲೋವಾ ಕಾರ್ಟೆಲ್ ಮತ್ತು ಕೊಲಂಬಿಯಾದ ಇನ್ನೊಂದು ಗ್ಯಾಂಗಿನ ಕನಿಷ್ಠ 88 ಕೋಟಿ ಡಾಲರ್ ಆ ಬ್ಯಾಂಕಿನ ಮೂಲಕ ಬಿಳಿಯಾಗಿತ್ತು. ಅಮೆರಿಕದ ನ್ಯಾಯ ಇಲಾಖೆ ಹೇಳಿದ ಒಂದು ವಿವರ ಯಾವ ಕಾದಂಬರಿಗೂ ಕಮ್ಮಿಯಿಲ್ಲ. ಮೆಕ್ಸಿಕೋದ ಶಾಖೆಗಳಲ್ಲಿ ಕ್ಯಾಷ್ ಕೌಂಟರಿನ ಕಿಂಡಿ ಇರುತ್ತದಲ್ಲ, ಅದರ ಅಳತೆಗೆ ಸರಿಯಾಗಿ ಪೆಟ್ಟಿಗೆ ಮಾಡಿಸಿ, ನೋಟು ತುಂಬಿ, ಆ ಕಿಂಡಿಯಲ್ಲಿ ತೂರಿಸಿ ಜಮೆ ಮಾಡುತ್ತಿದ್ದರು. ಒಂದೇ ದಿನ, ಒಂದೇ ಖಾತೆಗೆ, ಲಕ್ಷಗಟ್ಟಲೆ ಡಾಲರ್. ಪೆಟ್ಟಿಗೆ ಮಾಡಿದ ಬಡಗಿಗೆ ಅಳತೆ ಯಾರು ಕೊಟ್ಟರೋ! ಬ್ಯಾಂಕಿನ ಯಾವ ಅಧಿಕಾರಿಯೂ ಜೈಲಿಗೆ ಹೋಗಲಿಲ್ಲ. ಬ್ಯಾಂಕು ದಂಡ ಕಟ್ಟಿ ಮುಂದೆ ನಡೆಯಿತು.

ಇದನ್ನು ತಿಳಿದು ಓದಿದರೆ ‘ದಿ ಬಾರ್ಡರ್’ನ ಹಣದ ಕಥೆ ಅತಿಶಯ ಅನ್ನಿಸಲ್ಲ. ದಪ್ಪ ಪುಸ್ತಕದ ಅತ್ಯಂತ ಗಟ್ಟಿ ತರ್ಕ ಇರುವುದೇ ಅಲ್ಲಿ. ಗಡಿ ದಾಟಿ ಉತ್ತರಕ್ಕೆ ಹೋಗುವ ಪುಡಿಗೆ ಪ್ರತಿಯಾಗಿ ದಕ್ಷಿಣಕ್ಕೆ ಬರುವ ನೋಟು ಎಲ್ಲೋ ಒಂದು ಕಡೆ ಸೂಟು ಹಾಕಿಕೊಳ್ಳಲೇಬೇಕು. ಅದು ಸೂಟು ಹಾಕಿಕೊಳ್ಳುವ ಕೋಣೆ ಎಲ್ಲಿದೆ ಅಂತ ಮೊದಲೆರಡು ಪುಸ್ತಕಗಳು ಪೂರ್ತಿ ತೋರಿಸಲಿಲ್ಲ. ಮೂರನೆಯದು ಬಾಗಿಲು ತೆಗೆಯುತ್ತದೆ. ಇಷ್ಟಾದರೂ ಆ ಕೋಣೆಯಲ್ಲಿ ಡೆನಿಸನ್‌ನ ಅಳಿಯನನ್ನೇ ಕೂರಿಸಿದ್ದರಿಂದ ಓದುಗರ ಗಮನವೆಲ್ಲ ಕೂತವನ ಮೇಲೆ ಹೋಯಿತು, ಕೋಣೆ ಮರೆತೇಹೋಯಿತು. ಹೆಸರಿಲ್ಲದ ಒಬ್ಬ ಸಾಧಾರಣ ಬ್ಯಾಂಕರ್ ಅಲ್ಲಿದ್ದಿದ್ದರೆ ಪೆಟ್ಟು ಇನ್ನೂ ಜೋರಾಗಿ ಬೀಳುತ್ತಿತ್ತು ಅಂತ ನನಗನ್ನಿಸುತ್ತದೆ.

ಭಾಷಣದ ವಿಷಯದಲ್ಲಿ ಓದುಗರದ್ದೇ ಸರಿ

ಕೊನೆಯ ಭಾಗದಲ್ಲಿ ಕೆಲ್ಲರ್ ಸೆನೆಟ್ ಸಮಿತಿಯ ಮುಂದೆ ಕೂತು ಸಾಕ್ಷಿ ಹೇಳುತ್ತಾನೆ. ಡ್ರಗ್ಸ್ ವಿರುದ್ಧದ ಯುದ್ಧ ಸೋತಿದೆ, ತಾನೂ ಅದರಲ್ಲಿ ಪಾಲುದಾರ ಎನ್ನುತ್ತಾನೆ. ಮಾತು ಉದ್ದ. ಇಲ್ಲಿ ಕೆಲ್ಲರ್‌ನ ದನಿಯಲ್ಲಿ ಲೇಖಕರೇ ಮಾತಾಡಿದರು ಅನ್ನೋದು ಓದುಗರ ದೂರು.

ಈ ಅನುಮಾನಕ್ಕೆ ಕಾರಣವಿತ್ತು. ವಿನ್ಸ್ಲೋ 2015ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು, ಡ್ರಗ್ಸ್ ವಿರುದ್ಧದ ಯುದ್ಧ ನಿಲ್ಲಿಸಿ ಎಂದು ಅಧ್ಯಕ್ಷರಿಗೂ ಸಂಸತ್ತಿಗೂ ಹೇಳಿದ್ದರು. 2017ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇನ್ನೊಂದು. ಟ್ವಿಟರಿನಲ್ಲಿ ಟ್ರಂಪ್ ಜೊತೆ ಅವರ ಜಗಳ ದಿನನಿತ್ಯದ್ದು. ಗೋಡೆಯ ಬಗ್ಗೆ ಚರ್ಚೆಗೆ ಬನ್ನಿ ಎಂದು ಟ್ರಂಪ್‌ಗೆ ಸವಾಲನ್ನೂ ಹಾಕಿದ್ದರು. ಇಷ್ಟೆಲ್ಲ ಕೇಳಿ ಬಂದ ಓದುಗ, ಅದೇ ಮಾತನ್ನು ಕೆಲ್ಲರ್ ಬಾಯಲ್ಲಿ ಕೇಳಿದಾಗ ಬೇರೆ ಏನು ಅಂದುಕೊಂಡಾನು?

ಲೇಖಕನಿಗೆ ಅಭಿಪ್ರಾಯ ಇರಬಾರದು ಅಂತ ನಾನು ಹೇಳಲ್ಲ. ತೊಂದರೆ ಬೇರೆ. ಕೆಲ್ಲರ್ ಮೂರು ಪುಸ್ತಕದುದ್ದಕ್ಕೂ ಮಾತು ಕಮ್ಮಿಯ ಮನುಷ್ಯ. ಒಳಗೆ ಕುದಿಯುವವನು, ಹೇಳದೆ ಮಾಡುವವನು, ಮಾಡಿದ್ದನ್ನು ಮುಚ್ಚಿಡುವವನು. ಅವನು ಬಾಯಿ ಬಿಡುವುದೇ ದೊಡ್ಡ ಘಟನೆ ಆಗಬೇಕಿತ್ತು. ಬಾಯಿ ಬಿಟ್ಟಾಗ ಅಲ್ಲಿ ಸಂಪಾದಕೀಯ ಇತ್ತು. ಅವನು ತನ್ನ ಪಾಪ ಒಪ್ಪಿಕೊಳ್ಳುವ ಸಾಲುಗಳು ಮೈ ಜುಮ್ಮೆನ್ನಿಸುತ್ತವೆ, ನೀತಿ ಹೇಳುವ ಸಾಲುಗಳು ಅಲ್ಲೇ ಉದುರುತ್ತವೆ. ಹತ್ತಿರ ಹತ್ತಿರ ಅರ್ಧ ಭಾಷಣ ಕತ್ತರಿಸಿದ್ದರೂ ನಷ್ಟವಿರಲಿಲ್ಲ.

ಕಸದ ಗುಡ್ಡದ ಹುಡುಗ

ಸಿಟ್ಟಾದವರೂ ಒಪ್ಪಿದ ಒಂದು ಭಾಗ ಇದೆ. ನಿಕೋ ರಮಿರೆಸ್ ಕಥೆ.

ನಿಕೋಗೆ ಹತ್ತು ವರ್ಷ. ಗ್ವಾಟೆಮಾಲಾ ಸಿಟಿಯ ಕಸದ ಗುಡ್ಡದಲ್ಲಿ ಆಯ್ದು ಬದುಕುವ ಹುಡುಗ. ಲಾರಿ ಬಂದು ಸುರಿದ ಕೂಡಲೇ ಓಡಬೇಕು, ದೊಡ್ಡವರ ಕೈಗೆ ಸಿಗುವ ಮೊದಲು ಮಾರಾಟವಾಗುವಂಥದ್ದನ್ನು ಹೆಕ್ಕಬೇಕು. ಆ ಬೀದಿಯ ಗ್ಯಾಂಗಿನ ಕಣ್ಣು ಅವನ ಮೇಲೆ ಬೀಳುತ್ತದೆ. ಸೇರಿಕೊಳ್ಳದೆ ಉಳಿಯುವ ದಾರಿ ಅಲ್ಲಿಲ್ಲ. ತಾಯಿ ಅವನನ್ನು ಉತ್ತರಕ್ಕೆ ಕಳಿಸುತ್ತಾಳೆ, ನ್ಯೂಯಾರ್ಕಿನಲ್ಲಿರುವ ನೆಂಟರ ಮನೆಗೆ. ಸಾವಿರಾರು ಕಿಲೋಮೀಟರ್ ದಾರಿ. ಅದರಲ್ಲಿ ದೊಡ್ಡ ಪಾಲು ಗೂಡ್ಸ್ ರೈಲಿನ ನೆತ್ತಿಯ ಮೇಲೆ. ಅಲ್ಲಿಯ ಜನ ಆ ರೈಲುಗಳನ್ನು ‘ಲಾ ಬೆಸ್ತಿಯಾ’ ಅಂತಾರೆ, ಅಂದರೆ ಮೃಗ. ನಿದ್ದೆ ಬಂದರೆ ಕೆಳಗೆ ಗಾಲಿ. ಎಚ್ಚರ ಇದ್ದರೆ ಮೇಲೆ ಹತ್ತಿ ಬರುವ ದರೋಡೆಕೋರರು. ಇಡೀ ಪ್ರಯಾಣದಲ್ಲಿ ಲೇಖಕರು ಒಂದು ಕಡೆಯೂ ನಿಂತು ವಲಸೆ ನೀತಿಯ ಪಾಠ ಹೇಳಲ್ಲ. ಹುಡುಗ ಕಂಬಿ ಗಟ್ಟಿಯಾಗಿ ಹಿಡಿದಿದ್ದಾನಾ ಅನ್ನೋದೊಂದೇ ನಮ್ಮ ಚಿಂತೆ.

ಇದೂ ಅದೇ ಕಾಲದ ಸುದ್ದಿ. 2014ರ ಅಮೆರಿಕದ ಹಣಕಾಸು ವರ್ಷದಲ್ಲಿ ಹಿರಿಯರಿಲ್ಲದೆ ಒಂಟಿಯಾಗಿ ಬಂದು ದಕ್ಷಿಣ ಗಡಿಯಲ್ಲಿ ಸಿಕ್ಕಿಬಿದ್ದ ಮಕ್ಕಳು 68 ಸಾವಿರಕ್ಕೂ ಜಾಸ್ತಿ. ಅಂತರ ಐದೇ ವರ್ಷ. ಹಾಗಾದರೆ ಇಲ್ಲಿ ಯಾಕೆ ಓದುಗರಿಗೆ ‘ರಾಜಕೀಯ’ ಅನ್ನಿಸಲಿಲ್ಲ? ನಿಕೋ ಯಾರ ಮುಖವಾಡವೂ ಅಲ್ಲ, ಅದಕ್ಕೆ. ಅವನಿಗೆ ತಾಳೆ ಹಾಕಲು ಪತ್ರಿಕೆಯಲ್ಲಿ ಒಂದು ಮುಖ ಇಲ್ಲ. ಓದುಗ ಅವನನ್ನು ಪುಸ್ತಕದಲ್ಲೇ ನೋಡಬೇಕು. ಅವನು ನ್ಯೂಯಾರ್ಕ್ ಮುಟ್ಟಿದ ಮೇಲೆ ಏನಾಗುತ್ತದೆ ಅನ್ನೋದನ್ನು ಬಿಟ್ಟುಕೊಡಲ್ಲ. ಗಡಿ ದಾಟಿದರೆ ಕಥೆ ಸುಖಾಂತ ಅಂತ ಅಂದುಕೊಂಡವರಿಗೆ ಅಲ್ಲಿ ಪೆಟ್ಟು ಕಾದಿದೆ.

ಇದಕ್ಕೆ ವ್ಯತಿರಿಕ್ತವಾದದ್ದು ಕಾಣೆಯಾದ ವಿದ್ಯಾರ್ಥಿಗಳ ಪ್ರಸಂಗ. 2014ರ ಸೆಪ್ಟೆಂಬರ್ 26ರ ರಾತ್ರಿ ಗೆರೆರೋ ರಾಜ್ಯದ ಇಗ್ವಾಲಾದಲ್ಲಿ ಅಯೋತ್ಸಿನಾಪಾ ಶಿಕ್ಷಕರ ಕಾಲೇಜಿನ 43 ಹುಡುಗರು ಕಾಣೆಯಾದರು. ವಿನ್ಸ್ಲೋ ಊರಿನ ಹೆಸರು ಬದಲಿಸಿ ಇದನ್ನು ಕಾದಂಬರಿಗೆ ತಂದಿದ್ದಾರೆ. ಹುಡುಗರು ಹತ್ತಿದ್ದ ಬಸ್ಸುಗಳಲ್ಲಿ ಒಂದರಲ್ಲಿ ಹೆರಾಯಿನ್ ಇತ್ತಾ ಅನ್ನೋ ಅನುಮಾನ ನಿಜದ ತನಿಖೆಯಲ್ಲೂ ಎದ್ದಿತ್ತು. ಪುಸ್ತಕ ಬಂದಾಗ ತಂದೆತಾಯಿಗಳು ಇನ್ನೂ ಫೋಟೋ ಹಿಡಿದು ಬೀದಿಯಲ್ಲಿದ್ದರು. ತೀರ್ಮಾನವಾಗದ ಪ್ರಕರಣಕ್ಕೆ ಕಾದಂಬರಿ ಉತ್ತರ ಕೊಟ್ಟುಬಿಡುತ್ತದೆ: ಇಂಥವನು ಹೇಳಿದ, ಇಂಥವನು ಮಾಡಿದ. ಕೆಲವರಿಗೆ ಇದು ಸತ್ತವರಿಗೆ ಸಲ್ಲಿಸಿದ ಗೌರವ. ನನಗೆ ಇಲ್ಲಿ ಸ್ವಲ್ಪ ಕಸಿವಿಸಿ.

ಬರೇರಾ ಇಲ್ಲದ ಮನೆ

ರಾಜಕೀಯದ ಗಲಾಟೆಯಲ್ಲಿ ಮುಚ್ಚಿಹೋದ ಇನ್ನೊಂದು ದೂರು ಇದೆ. ಎದುರಾಳಿ ಇಲ್ಲ. ಎರಡು ಪುಸ್ತಕದುದ್ದಕ್ಕೂ ಒಬ್ಬನನ್ನೇ ಬೆನ್ನಟ್ಟಿದ ಕೆಲ್ಲರ್‌ಗೆ ಈಗ ಬೆನ್ನಟ್ಟಲು ಹತ್ತಾರು ಜನ. ಗಾದಿಗೆ ಕಿತ್ತಾಡುವ ಮಕ್ಕಳು, ಜೈಲಿನಿಂದ ಬಂದ ಮುದುಕ ಕಾರೋ, ನ್ಯೂಯಾರ್ಕಿನಲ್ಲಿ ವೇಷ ಮರೆಸಿ ಕೆಲಸ ಮಾಡುವ ಪೊಲೀಸ್ ಸಿರೆಲ್ಲೋ, ಸ್ಟೇಟನ್ ಐಲೆಂಡಿನಲ್ಲಿ ಹೆರಾಯಿನ್‌ಗೆ ಸಿಕ್ಕಿದ ಜ್ಯಾಕಿ. ಯಾರು ಯಾರ ಕಡೆ ಅಂತ ನೆನಪಿಡಲು ಪಟ್ಟಿ ಬರೆದುಕೊಂಡೆವು ಅಂದವರಿದ್ದಾರೆ. ವಾರಪತ್ರಿಕೆಯ ಧಾರಾವಾಹಿಯಲ್ಲಿ ಖಳನಾಯಕ ಸತ್ತ ಮೇಲೂ ಸಂಪಾದಕರು ಇನ್ನಿಪ್ಪತ್ತು ಕಂತು ಬರೆಸಿದ ಹಾಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ನಿಜ ಹೇಳಬೇಕೆಂದರೆ ವಿನ್ಸ್ಲೋಗೆ ಎರಡನೆಯದನ್ನು ಬರೆಯುವ ಇರಾದೆಯೂ ಇರಲಿಲ್ಲ, ಅದನ್ನು ಅವರೇ ಹೇಳಿಕೊಂಡಿದ್ದಾರೆ. ಆದರೆ ಈ ದೂರಿಗೆ ಪುಸ್ತಕದೊಳಗೇ ಒಂದು ಉತ್ತರವಿದೆ. ದೊರೆಯನ್ನು ಹಿಡಿದರೆ, ಕೊಂದರೆ, ದಂಧೆ ನಿಲ್ಲುತ್ತದೆ ಅನ್ನೋ ನಂಬಿಕೆಯ ಮೇಲೆಯೇ ಡಿಇಎಯ ನಲವತ್ತು ವರ್ಷ ನಿಂತಿತ್ತು. ಖಳ ಇಲ್ಲದ ಖಾಲಿತನ ಓದುಗನನ್ನು ಕಾಡಿದರೆ, ಅದು ಕೆಲ್ಲರ್‌ನನ್ನೂ ಕಾಡುವ ಖಾಲಿತನವೇ. ಇದು ಲೇಖಕರ ಜಾಣತನವೋ, ಕೈತಪ್ಪಿದ ಕಟ್ಟಡವೋ? ಎರಡೂ ಸ್ವಲ್ಪ ಸ್ವಲ್ಪ. ಕೇಳುಪುಸ್ತಕ ಕೇಳಿದವರಿಗೆ ಈ ತೊಂದರೆ ಕಮ್ಮಿ ಕಾಡಿದ ಹಾಗಿದೆ. ರೇ ಪೋರ್ಟರ್ ಅವರ ಓದಿಗೆ ಬೇರೆಯದೇ ಅಭಿಮಾನಿಗಳಿದ್ದಾರೆ. ದನಿಯಿಂದಲೇ ಪಾತ್ರ ಗುರುತು ಸಿಕ್ಕರೆ ಪಟ್ಟಿ ಯಾಕೆ ಬೇಕು?

ಓದುಗರು ಆನ್‌ಲೈನಿನಲ್ಲಿ ಪುಸ್ತಕಕ್ಕೆ ಕೊಟ್ಟ ಸ್ಟಾರುಗಳ ಸರಾಸರಿ ನೋಡಿ ‘ಎಲ್ಲರಿಗೂ ಇಷ್ಟವಾಗಿದೆಯಲ್ಲ’ ಅನ್ನುವವರಿಗೆ ಒಂದು ಮಾತು. ಮೂರನೇ ಪುಸ್ತಕಕ್ಕೆ ಅಂಕ ಹಾಕುವವರು ಮೊದಲೆರಡನ್ನು ಮೆಚ್ಚಿ ಉಳಿದವರು. ಬೇಡವಾದವರು ದಾರಿಯಲ್ಲೇ ಇಳಿದಿರುತ್ತಾರೆ. ಹಾಗಾಗಿ ಯಾವ ಸರಣಿಯಲ್ಲೂ ಕೊನೆಯ ಪುಸ್ತಕದ ಅಂಕ ಸ್ವಲ್ಪ ಉಬ್ಬಿಯೇ ಇರುತ್ತದೆ. ಉಳಿದುಕೊಂಡ ಅಭಿಮಾನಿಯೇ ಗೊಣಗಿದ್ದರೆ ಆ ಗೊಣಗಾಟಕ್ಕೆ ತೂಕ ಜಾಸ್ತಿ.

ಮೆಕ್ಸಿಕೋ ಕಡೆಯ ಪ್ರಶ್ನೆ ಇನ್ನೂ ಮೂಲಕ್ಕೆ ಹೋಗುತ್ತದೆ. ಅಲ್ಲಿಯ ವಿದ್ವಾಂಸ ಓಸ್ವಾಲ್ದೋ ಸವಾಲಾ 2018ರಲ್ಲಿ ಒಂದು ವಾದ ಮುಂದಿಟ್ಟರು: ಸರ್ಕಾರಕ್ಕೇ ಸವಾಲು ಹಾಕುವ ಮಹಾ ಕಾರ್ಟೆಲ್ ಅನ್ನೋ ಚಿತ್ರವನ್ನು ಕಟ್ಟಿದ್ದೇ ಸರ್ಕಾರಗಳು, ಕಾದಂಬರಿ ಸಿನಿಮಾಗಳು ಅದನ್ನೇ ಹಾಡುತ್ತಿವೆ ಅಂತ. ಆ ಕಣ್ಣಲ್ಲಿ ನೋಡಿದರೆ ಮೊದಲೆರಡು ಪುಸ್ತಕಗಳು ಆ ಹಾಡಿಗೆ ದನಿಗೂಡಿಸಿದವು. ವಿಚಿತ್ರ ಅಂದರೆ, ಓದುಗರು ಬೈದ ಮೂರನೆಯದೇ ತಪ್ಪನ್ನು ಅಮೆರಿಕದ ಕಡೆಗೂ ಹಂಚಿ ಆ ಹಾಡಿನಿಂದ ಸ್ವಲ್ಪ ಹೊರಬರುತ್ತದೆ.

ಆಮೇಲೆ ನಡೆದದ್ದು

ಪುಸ್ತಕ ಬಂದು ಎಂಟು ತಿಂಗಳೂ ಆಗಿರಲಿಲ್ಲ. 2019ರ ಅಕ್ಟೋಬರ್ 17ರಂದು ಚಾಪೋನ ಮಗ ಒವಿದಿಯೋನನ್ನು ಮೆಕ್ಸಿಕೋ ಪಡೆಗಳು ಕುಲಿಯಕಾನ್ ಪಟ್ಟಣದಲ್ಲಿ ಹಿಡಿದವು. ಕಾರ್ಟೆಲ್‌ನವರು ವಾಹನಗಳಿಗೆ ಬೆಂಕಿ ಇಟ್ಟರು, ರಸ್ತೆ ಕಟ್ಟಿದರು, ಮಷೀನ್ ಗನ್ ಹಿಡಿದು ಬೀದಿಗಿಳಿದರು. ಅದೇ ದಿನ ಸರ್ಕಾರ ಅವನನ್ನು ಬಿಟ್ಟುಬಿಟ್ಟಿತು. ‘ಮಕ್ಕಳ ಭಾಗ ಎಳೆದಾಡಿದ್ದಾರೆ’ ಅಂದಿದ್ದ ಓದುಗರಿಗೆ ಆ ವಿಡಿಯೋಗಳು ಹೇಗೆ ಕಂಡವೋ. ಅದೇ ಡಿಸೆಂಬರಿನಲ್ಲಿ ಕಾಲ್ಡೆರೋನ್ ಕಾಲದ ಭದ್ರತಾ ಮಂತ್ರಿ ಹೆನಾರೋ ಗಾರ್ಸಿಯಾ ಲೂನಾ ಅಮೆರಿಕದಲ್ಲಿ ಬಂಧನಕ್ಕೊಳಗಾದರು. ಕಾರ್ಟೆಲ್‌ಗಳ ವಿರುದ್ಧದ ಯುದ್ಧ ನಡೆಸಿದ ಮನುಷ್ಯ ಸಿನಲೋವಾದಿಂದಲೇ ಲಂಚ ತಿಂದಿದ್ದರು ಎಂದು 2023ರ ಫೆಬ್ರವರಿಯಲ್ಲಿ ಬ್ರೂಕ್ಲಿನ್ ಜ್ಯೂರಿ ಹೇಳಿತು. 2024ರಲ್ಲಿ 38 ವರ್ಷಕ್ಕೂ ಹೆಚ್ಚಿನ ಶಿಕ್ಷೆಯಾಯಿತು. ಕಾದಂಬರಿಯಲ್ಲಿ ಬಂದಿದ್ದರೆ ‘ಅತಿಯಾಯ್ತು’ ಅನ್ನುತ್ತಿದ್ದರು.

2024ರ ಜುಲೈ 25ರಂದು ಇನ್ನೊಂದು. ದಶಕಗಳ ಕಾಲ ಒಂದು ಸಲವೂ ಸಿಕ್ಕಿಬೀಳದ ಮುದಿ ದೊರೆ ‘ಎಲ್ ಮಾಯೋ’ ಸಂಬಾದಾ, ಚಾಪೋನ ಇನ್ನೊಬ್ಬ ಮಗನ ಜೊತೆ ಸಣ್ಣ ವಿಮಾನದಲ್ಲಿ ಅಮೆರಿಕಕ್ಕೆ ಬಂದಿಳಿದು ಬಂಧಿತನಾದ. ನನ್ನನ್ನು ಆ ಹುಡುಗ ಮೋಸದಿಂದ ಹೊತ್ತು ತಂದ ಅಂತ ಮುದುಕನ ದೂರು. ಸೆಪ್ಟೆಂಬರಿಗೆಲ್ಲ ಮಾಯೋ ಬಣ ಮತ್ತು ಮಕ್ಕಳ ಬಣ ಸಿನಲೋವಾದ ಬೀದಿಗಳಲ್ಲಿ ಗುಂಡು ಹಾರಿಸುತ್ತಿದ್ದವು. ಗಾದಿಗಾಗಿ ಮಕ್ಕಳ ಕಾಳಗ.

ಈಗ ಮೂರನ್ನೂ ಒಟ್ಟಿಗೆ ತಂದು ಓದುವವರಿಗೆ ಮಕ್ಕಳ ಅಧ್ಯಾಯಗಳು ಚೆನ್ನಾಗಿ ಹಿಡಿಸುತ್ತಿವೆ. ಅಲ್ಲಿ ಅಂತರ ತೆರೆದುಕೊಂಡಿದೆ. ಪಾತ್ರಗಳು ಈಗ ಪಾತ್ರಗಳಾಗಿಯೇ ಕಾಣುತ್ತವೆ. ಹೆರಾಯಿನ್ ಭಾಗ ಹಳೆಯ ಕಾಲದ್ದು ಅನ್ನಿಸುತ್ತದೆ. ಅದರ ಜಾಗಕ್ಕೆ ಅದಕ್ಕಿಂತ ಎಷ್ಟೋ ಪಟ್ಟು ಪ್ರಬಲವಾದ ಕೃತಕ ಮಾದಕ ಫೆಂಟನಿಲ್ ಬಂದು ಕೂತು, 2021ರಲ್ಲಿ ಅಮೆರಿಕದ ಸಾವುಗಳು ಒಂದು ಲಕ್ಷ ದಾಟಿದವು.

ಡೆನಿಸನ್ ಭಾಗಕ್ಕೆ ಮಾತ್ರ ಆ ಅದೃಷ್ಟ ಬರಲಿಲ್ಲ. ಒಂದಷ್ಟು ವರ್ಷ ಕಳೆದರೆ ಅದೂ ಇತಿಹಾಸವಾಗಿ ತಣ್ಣಗಾಗುತ್ತಿತ್ತೇನೋ. ಆದರೆ 2025ರ ಜನವರಿಯಲ್ಲಿ ಟ್ರಂಪ್ ಮತ್ತೆ ಶ್ವೇತಭವನಕ್ಕೆ ಬಂದರು. ಫೆಬ್ರವರಿಯಲ್ಲಿ ಸಿನಲೋವಾ ಕಾರ್ಟೆಲನ್ನೂ ಇನ್ನು ಕೆಲವನ್ನೂ ಅಮೆರಿಕ ವಿದೇಶಿ ಭಯೋತ್ಪಾದಕ ಸಂಘಟನೆ ಎಂದು ಘೋಷಿಸಿತು. ಹಾಗಾಗಿ ಇವತ್ತು ಮೊದಲ ಸಲ ಪುಸ್ತಕ ಹಿಡಿದವನು ನಿಕೋ ಜೊತೆ ರೈಲಿನ ಮೇಲೆ ಕೂತು ಅತ್ತು, ಡೆನಿಸನ್ ಬಂದ ಕೂಡಲೇ 2019ರ ಓದುಗನ ಹಾಗೆಯೇ ಮುಖ ಸಿಂಡರಿಸುತ್ತಾನೆ. ಆ ಪುಟಗಳಿಗೆ ಇನ್ನೂ ಪತ್ರಿಕೆಯ ಮಸಿ ಆರಿಲ್ಲ.